ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಸಿ ದ್ರವದಲ್ಲಿ ಉಬ್ಬಿಸಿ ಫ್ಲೋರೋಪಾಲಿಮರ್‌ನಲ್ಲಿ ರಂಧ್ರ ಮೂಡಿಸುವುದು

ಟೆಫ್ಲಾನ್ ಮತ್ತು ಅದರ ಬಳಗದ ಪ್ಲಾಸ್ಟಿಕ್‌ಗಳಿಂದ (ಫ್ಲೋರೋಪಾಲಿಮರ್‌ಗಳಿಂದ) ಸೂಕ್ಷ್ಮರಂಧ್ರಗಳ ಹಾಳೆ ತಯಾರಿಸುವ ಬಗ್ಗೆ ಈ ತಿಂಗಳು ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರಕ್ಕೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಟೆಫ್ಲಾನ್ ಯಾವ ದ್ರಾವಕಕ್ಕೂ ಜಗ್ಗುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿದೆ. ಹಾಗಿದ್ದ ಮೇಲೆ ಬಿಸಿ ದ್ರವದಲ್ಲಿ ಅದನ್ನು ಉಬ್ಬಿಸುವುದು ಹೇಗೆ ಸಾಧ್ಯ? ಉಬ್ಬಿದ್ದು ತಣ್ಣಗಾದರೆ ಮತ್ತೆ ಮೊದಲಿನಂತೆ ಆಗುವುದಿಲ್ಲವೇ?
(ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ)

ಕೋಣೆಯ ಉಷ್ಣತೆಯ ಮಟ್ಟಿಗೆ ಪಠ್ಯದ ಮಾತು ಸರಿ. ಫ್ಲೋರೋಪಾಲಿಮರ್‌ಗಳಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ಉದ್ದನೆಯ ಅಣುಸರಪಳಿಗಳು ಒತ್ತಾಗಿ, ಸಾಲಾಗಿ ಕೂತ ಹರಳಿನ ಭಾಗ ಒಂದು. ಸಿಕ್ಕುಸಿಕ್ಕಾಗಿ ಬಿದ್ದಿರುವ ಸಡಿಲ ಭಾಗ ಇನ್ನೊಂದು. ದ್ರವ ನುಗ್ಗುವುದು ಸಡಿಲ ಭಾಗಕ್ಕೆ ಮಾತ್ರ. ಹರಳುಗಳು ಬಲೆಯ ಗಂಟುಗಳಂತೆ ನಿಂತು, ಇಡೀ ತುಂಡು ಕರಗಿ ಹರಿದುಹೋಗದಂತೆ ಹಿಡಿದಿರುತ್ತವೆ. ಉಷ್ಣತೆ ಏರಿದಂತೆ ಚಿಕ್ಕ, ದುರ್ಬಲ ಹರಳುಗಳು ಮೊದಲು ಕರಗುತ್ತವೆ, ಗಂಟುಗಳು ಕಡಿಮೆಯಾಗುತ್ತವೆ, ಒಳಹೋಗುವ ದ್ರವ ಹೆಚ್ಚುತ್ತದೆ. ಈ ಏರಿಕೆ ಒಂದೇ ಸಮನಾಗಿರುವುದಿಲ್ಲ. ಬಹಳ ಹೊತ್ತು ನಿಧಾನವಾಗಿ ಏರಿ, ಕರಗುವ ಹಂತ ಹತ್ತಿರವಾದಾಗ ಕೆಲವೇ ಡಿಗ್ರಿಗಳಲ್ಲಿ ಜಿಗಿಯುತ್ತದೆ. ಸಬ್ಬಕ್ಕಿಯನ್ನು ಬಿಸಿನೀರಲ್ಲಿ ಹಾಕಿದವರಿಗೆ ಇದು ಗೊತ್ತು: ಒಂದು ಹದದವರೆಗೆ ಕಾಳು ಕಾಳಾಗಿ ಉಬ್ಬುತ್ತದೆ, ಹದ ಮೀರಿದರೆ ಗಂಜಿ. ನಮ್ಮ ಕೆಲಸ ನಡೆಯಬೇಕಾದದ್ದು ಗಂಜಿಯಾಗುವ ಮುಂಚಿನ ಆ ಇಕ್ಕಟ್ಟಾದ ಅಂತರದಲ್ಲಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ತಣ್ಣಗಾಗುವಾಗ ಸರಪಳಿಗಳು ಮತ್ತೆ ಹರಳುಗಟ್ಟುತ್ತವೆ. ಹರಳಿನೊಳಗೆ ದ್ರವಕ್ಕೆ ಜಾಗವಿಲ್ಲ, ಆದ್ದರಿಂದ ಅದು ಹರಳುಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಆ ದ್ರವವನ್ನು ತೊಳೆದು ತೆಗೆದರೆ ಉಳಿಯುವ ಖಾಲಿ ಜಾಗವೇ ರಂಧ್ರ. ತೆಗೆಯುವ ರೀತಿ ತಪ್ಪಿದರೆ ನಿಮ್ಮ ಅನುಮಾನವೇ ನಿಜವಾಗುತ್ತದೆ, ಗೋಡೆಗಳು ಕುಸಿದು ಹಾಳೆ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಉಬ್ಬಿಸುವುದಕ್ಕಿಂತ ತೊಳೆದು ಒಣಗಿಸುವುದಕ್ಕೇ ಹೆಚ್ಚು ಎಚ್ಚರ ಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಯಾವ ಪಾಲಿಮರ್‌ಗೆ ಯಾವ ದ್ರವ ಎಂಬುದು ಬಂಧುತ್ವದ ಮಾತು. ಇಂಗಾಲ ಮತ್ತು ಫ್ಲೋರಿನ್ ಮಾತ್ರ ಇರುವ ಪಿಟಿಎಫ್‌ಇ, ಅಂದರೆ ನಿಜವಾದ ಟೆಫ್ಲಾನ್, ಪರ್‌ಫ್ಲೋರೋ ಎಣ್ಣೆಗಳಿಗೆ (ಹೈಡ್ರೋಜನ್ ಜಾಗವನ್ನೆಲ್ಲ ಫ್ಲೋರಿನ್ ಹಿಡಿದಿರುವ ಎಣ್ಣೆಗಳಿಗೆ) ಮತ್ತು ಕ್ಲೋರೋಟ್ರೈಫ್ಲೋರೋಎಥಿಲೀನ್‌ನ ಗಿಡ್ಡ ಸರಪಳಿಯ ಎಣ್ಣೆಗಳಿಗೆ ಮಾತ್ರ ದಾರಿ ಬಿಡುತ್ತದೆ, ಅದೂ ತನ್ನ ಕರಗುವ ಬಿಂದುವಾದ 327 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ. 1980ರ ದಶಕದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞ ಬೆಂಜಮಿನ್ ಚು ಮತ್ತು ಸಂಗಡಿಗರು ಇಂಥ ದ್ರವಗಳಲ್ಲೇ ಪಿಟಿಎಫ್‌ಇ ಕರಗಿಸಿ, ಬೆಳಕಿನ ಚದುರುವಿಕೆಯಿಂದ ಅದರ ಅಣುತೂಕ ಅಳೆದರು. ಅದೇ ಬಳಗದ ಪಿವಿಡಿಎಫ್ (ಪಾಲಿವಿನಿಲಿಡೀನ್ ಫ್ಲೋರೈಡ್) ಬೇರೆಯೇ ಸ್ವಭಾವದ್ದು. ಅದರ ಸರಪಳಿಯಲ್ಲಿ ಹೈಡ್ರೋಜನ್ ಕೂಡ ಇದೆ, ಧ್ರುವೀಯ ಗುಣವಿದೆ, ಅಂದರೆ ಒಂದು ಬದಿ ತುಸು ಧನ, ಇನ್ನೊಂದು ತುಸು ಋಣ. ಅನೇಕ ಸಾಮಾನ್ಯ ಎಸ್ಟರ್, ಕೀಟೋನ್, ಕಾರ್ಬೊನೇಟ್‌ಗಳು ಅದನ್ನು ನೂರು ಡಿಗ್ರಿಯ ಆಸುಪಾಸಿನಲ್ಲೇ ಉಬ್ಬಿಸುತ್ತವೆ. ಪ್ರಯೋಗಾಲಯದಲ್ಲಿ ಕಲಿಯಲು ಹೊರಟವರು ಪಿವಿಡಿಎಫ್‌ನಿಂದಲೇ ಶುರುಮಾಡಿ.

ಪ್ರಶ್ನೆ: ನಮ್ಮಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪಿವಿಡಿಎಫ್ ಶೀಟ್ ಇದೆ. ಉಬ್ಬಿಸಿ ರಂಧ್ರ ಮಾಡುವ ವಿಧಾನವನ್ನು ಅಳತೆಗಳ ಸಮೇತ ತಿಳಿಸುವಿರಾ? ದ್ರವ ಯಾವುದು ಒಳ್ಳೆಯದು?
(ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್)

ಮೊದಲು ದ್ರವ. ಪಿವಿಡಿಎಫ್ ಪೂರ್ತಿ ಕರಗುವ ಉಷ್ಣತೆ ಗಾಮಾ-ಬ್ಯುಟಿರೋಲ್ಯಾಕ್ಟೋನ್‌ನಲ್ಲಿ ಸುಮಾರು 65 ಡಿಗ್ರಿ, ಸೈಕ್ಲೋಹೆಕ್ಸನೋನ್‌ನಲ್ಲಿ 70, ಪ್ರೊಪಿಲೀನ್ ಕಾರ್ಬೊನೇಟ್‌ನಲ್ಲಿ 80, ಟ್ರೈಅಸೆಟಿನ್‌ನಲ್ಲಿ 100, ಡೈಮಿಥೈಲ್ ಥ್ಯಾಲೇಟ್‌ನಲ್ಲಿ 110. ಶೀಟಿನ ಗ್ರೇಡ್ ಬದಲಾದರೆ ಇವು ಕೆಲವು ಡಿಗ್ರಿ ಆಚೀಚೆ ಆಗುತ್ತವೆ. ನಮ್ಮ ಆಯ್ಕೆ ಟ್ರೈಅಸೆಟಿನ್. ಕುದಿಯುವ ಬಿಂದು 258 ಡಿಗ್ರಿ, ಆವಿ ಬೆಂಕಿ ಹಿಡಿಯುವ ಉಷ್ಣತೆ 138 ಡಿಗ್ರಿ ಆಸುಪಾಸು, ಆಹಾರದಲ್ಲೂ ಬಳಕೆಯಲ್ಲಿರುವ ದ್ರವ, ಎಥನಾಲ್ ಜೊತೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ಹಳೆಯ ವಿಧಾನಗಳಲ್ಲಿ ಡೈಬ್ಯುಟೈಲ್ ಥ್ಯಾಲೇಟ್ ಬರುತ್ತದೆ. ಅದು ಸಂತಾನಶಕ್ತಿಗೆ ಹಾನಿಕರ, ಇಲ್ಲಿ ಅದರ ಅಗತ್ಯವೂ ಇಲ್ಲ.

ಶೀಟಿನಿಂದ 20×20 ಮಿಲಿಮೀಟರ್ ತುಂಡುಗಳನ್ನು ಕತ್ತರಿಸಿ, ಎಥನಾಲ್‌ನಲ್ಲಿ ಒರೆಸಿ, 60 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, 0.1 ಮಿಲಿಗ್ರಾಂವರೆಗೆ ತೋರುವ ತಕ್ಕಡಿಯಲ್ಲಿ ತೂಗಿ. ಪಿವಿಡಿಎಫ್ ಸಾಂದ್ರತೆ ಘನ ಸೆಂಟಿಮೀಟರಿಗೆ 1.78 ಗ್ರಾಂ. ಈ ಅಳತೆಯ ತುಂಡಿನ ಗಾತ್ರ 0.20 ಘನ ಸೆಂಟಿಮೀಟರ್, ತೂಕ 0.356 ಗ್ರಾಂ ಹತ್ತಿರ ಬರಬೇಕು. ದಪ್ಪ ಸರಿಯಿದ್ದೂ ತೂಕ ಬಹಳ ವ್ಯತ್ಯಾಸವಾದರೆ ಶೀಟಿನಲ್ಲಿ ಬೇರೇನೋ ಬೆರೆತಿದೆ ಎಂದರ್ಥ. ಅಂಥದ್ದನ್ನು ಬಳಸಬೇಡಿ.

250 ಮಿಲಿಲೀಟರ್ ಬೊರೋಸಿಲಿಕೇಟ್ ಫ್ಲಾಸ್ಕಿಗೆ 100 ಮಿಲಿಲೀಟರ್ ಹೊಸ ಟ್ರೈಅಸೆಟಿನ್ ಹಾಕಿ, ಮೇಲೆ ಕಂಡೆನ್ಸರ್ ಕೂರಿಸಿ, ಎಣ್ಣೆಯ ತೊಟ್ಟಿಯಲ್ಲಿಟ್ಟು ಬಿಸಿಮಾಡಿ. ಬರ್ನರ್ ಜ್ವಾಲೆ ಬೇಡ. ಉಷ್ಣತೆ ಅರ್ಧ ಡಿಗ್ರಿಗಿಂತ ಹೆಚ್ಚು ಓಲಾಡಬಾರದು. ಅಂತರ ಎಷ್ಟು ಕಿರಿದು ಎಂಬುದನ್ನು ಮೇಲೆ ಹೇಳಿದ್ದೇವೆ. ಥರ್ಮಾಮೀಟರ್ ಫ್ಲಾಸ್ಕಿನೊಳಗಿನ ದ್ರವದಲ್ಲಿರಲಿ, ಹೊರಗಿನ ಎಣ್ಣೆಯಲ್ಲಲ್ಲ. ತುಂಡನ್ನು ಸ್ಟೇನ್‌ಲೆಸ್ ತಂತಿಯಲ್ಲಿ ನೇತುಹಾಕಿ. ತಳಕ್ಕೆ ತಾಗಿದ ಮುಖ ಹೆಚ್ಚು ಬಿಸಿಯಾಗಿ ಮೊದಲೇ ಕರಗುತ್ತದೆ.

ಸರಿಯಾದ ಉಷ್ಣತೆಯನ್ನು ಯಾರೂ ಮೊದಲೇ ಹೇಳಲಾರರು, ನಿಮ್ಮ ಶೀಟಿಗೆ ನೀವೇ ಕಂಡುಕೊಳ್ಳಬೇಕು. 60, 70, 80, 85, 90 ಡಿಗ್ರಿಗೆ ಒಂದೊಂದು ಹೊಸ ತುಂಡು ಇಡಿ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗೆ ಹೊರತೆಗೆದು, ನೂಲು ಬಿಡದ ಕಾಗದದಿಂದ ಹತ್ತು ಸೆಕೆಂಡಿನಲ್ಲಿ ಮೇಲ್ಮೈ ಒರೆಸಿ, ಮೊದಲೇ ತೂಗಿಟ್ಟ ಮುಚ್ಚಳದ ಬಾಟಲಿಯಲ್ಲಿ ತೂಕ ನೋಡಿ. ಒಂದರ ಹಿಂದೊಂದು ಎರಡು ತೂಕಗಳ ನಡುವೆ ಶೇಕಡಾ 1ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಆ ಉಷ್ಣತೆಗೆ ತುಂಬಿದಂತೆ. ದಪ್ಪ ಎರಡು ಪಟ್ಟಾದರೆ ಇದಕ್ಕೆ ಹಿಡಿಯುವ ಹೊತ್ತು ನಾಲ್ಕು ಪಟ್ಟು, ಆದ್ದರಿಂದ ಒಂದು ಮಿಲಿಮೀಟರ್ ಶೀಟಿಗೆ ಇದೇ ಸಮಯ ಸಾಲದು. ಯಾವ ಉಷ್ಣತೆಯಲ್ಲಿ ತುಂಡಿನ ಮೂಲೆಗಳು ಚೂಪು ಕಳೆದುಕೊಂಡು ದುಂಡಾಗುತ್ತವೋ ಅಲ್ಲಿ ಕರಗುವಿಕೆ ಶುರುವಾಗಿದೆ. ಅದಕ್ಕಿಂತ 5 ಡಿಗ್ರಿ ಕೆಳಗೆ ಕೆಲಸಮಾಡಿ.

ತೂಕದಿಂದ ರಂಧ್ರದ ಪಾಲು ಹೀಗೆ ಬರುತ್ತದೆ. 1 ಗ್ರಾಂ ಪಿವಿಡಿಎಫ್ 0.80 ಗ್ರಾಂ ಟ್ರೈಅಸೆಟಿನ್ ಕುಡಿದಿದೆ ಎಂದುಕೊಳ್ಳಿ. ಟ್ರೈಅಸೆಟಿನ್ ಸಾಂದ್ರತೆ 1.16. ಪಾಲಿಮರ್‌ನ ಗಾತ್ರ 0.56, ದ್ರವದ್ದು 0.69 ಘನ ಸೆಂಟಿಮೀಟರ್. ಒಟ್ಟಿನಲ್ಲಿ ದ್ರವದ ಪಾಲು ಶೇಕಡಾ 55. ಏನೂ ಕುಸಿಯದಿದ್ದರೆ ಸಿಗಬಹುದಾದ ಗರಿಷ್ಠ ಇದು. ಕೊನೆಗೆ ಒಣ ತುಂಡಿನ ತೂಕವನ್ನು ಅದರ ಅಳತೆಯ ಗಾತ್ರದಿಂದ ಭಾಗಿಸಿ, 1.10 ಬಂದರೆ ನಿಜವಾದ ರಂಧ್ರ ಪಾಲು 1 ಕಳೆ 1.10/1.78, ಅಂದರೆ ಶೇಕಡಾ 38. ಐವತ್ತೈದು ಮೂವತ್ತೆಂಟಕ್ಕೆ ಇಳಿದಿದ್ದರೆ ನಡುವಿನ ನಷ್ಟ ನಡೆದಿರುವುದು ತೊಳೆಯುವಾಗ ಮತ್ತು ಒಣಗಿಸುವಾಗ.

ತಣಿಸುವಿಕೆಯಲ್ಲಿ ಎರಡು ದಾರಿ. ಬೇಗ ತಣಿಸಿದರೆ ಹರಳುಗಳು ಬೆಳೆಯಲು ಹೊತ್ತಿಲ್ಲದೆ ರಂಧ್ರ ಸಣ್ಣವಾಗುತ್ತವೆ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿದರೆ ದೊಡ್ಡ ಗುಂಡು ಹರಳುಗೊಂಚಲುಗಳೂ ಅವುಗಳ ನಡುವೆ ದೊಡ್ಡ ಸಂದುಗಳೂ ಆಗುತ್ತವೆ, ಆದರೆ ಹಾಳೆ ಪೆಡಸಾಗಿ ಬೇಗ ಮುರಿಯುತ್ತದೆ. ಬೇಗ ತಣಿಸಲು 10 ಡಿಗ್ರಿಯ ಟ್ರೈಅಸೆಟಿನ್‌ಗೇ ಅದ್ದಿ. ನೇರ ನೀರಿಗೆ ಹಾಕಿದರೆ ಮೇಲ್ಪದರದ ಪಾಲಿಮರ್ ತಟ್ಟನೆ ಬಿಗಿದು ರಂಧ್ರವಿಲ್ಲದ ಚರ್ಮ ಕಟ್ಟುತ್ತದೆ.

ತೊಳೆಯಲು ತುಂಡೊಂದಕ್ಕೆ 50 ಮಿಲಿಲೀಟರ್ ಎಥನಾಲ್, ಒಂದೊಂದು ಗಂಟೆಯಂತೆ ಮೂರು ಸಲ, ಆಮೇಲೆ ಹೊಸ ಎಥನಾಲ್‌ನಲ್ಲಿ ರಾತ್ರಿಯಿಡೀ. ಬಳಿಕ ಅರ್ಧರ್ಧ ಗಂಟೆಯಂತೆ ಎರಡು ಸಲ ಹೆಕ್ಸೇನ್. ಕೊನೆಗೆ ನಾಲ್ಕೂ ಅಂಚು ಹಿಡಿದ ಲೋಹದ ಚೌಕಟ್ಟಿನಲ್ಲಿ ಬಿಗಿದು ಫ್ಯೂಮ್ ಹುಡ್‌ನಲ್ಲಿ ಒಣಗಿಸಿ. ಹೆಕ್ಸೇನ್ ಪೂರ್ತಿ ಹಾರಿದ ಮೇಲೆ 50 ಡಿಗ್ರಿಯ ನಿರ್ವಾತ ಒಲೆ, ತೂಕ ನಿಲ್ಲುವವರೆಗೆ. ನಿಂತ ತೂಕ ಆರಂಭದ ತೂಕಕ್ಕಿಂತ ಹೆಚ್ಚಿದ್ದರೆ ಟ್ರೈಅಸೆಟಿನ್ ಇನ್ನೂ ಒಳಗಿದೆ. ಕಡಿಮೆಯಿದ್ದರೆ ಬಿಸಿಯಲ್ಲಿ ಪಾಲಿಮರ್ ಸ್ವಲ್ಪ ಕರಗಿಹೋಗಿದೆ, ಮುಂದಿನ ಸಲ ಉಷ್ಣತೆ ಇಳಿಸಿ.

ಎಥನಾಲ್ ಆದ ಮೇಲೆ ಹೆಕ್ಸೇನ್ ಏಕೆ? ದ್ರವ ಆರುವಾಗ ರಂಧ್ರದ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. 0.1 ಮೈಕ್ರಾನ್ ರಂಧ್ರದಲ್ಲಿ ಮೀಟರಿಗೆ 22 ಮಿಲಿನ್ಯೂಟನ್ ಮೇಲ್ಮೈ ಎಳೆತವಿರುವ ಆಲ್ಕೋಹಾಲ್ ಒಣಗುವಾಗ ಆ ಸೆಳೆತ ಸುಮಾರು 8.8 ಬಾರ್. ಹೆಕ್ಸೇನ್‌ನ ಎಳೆತ 18 ಮಾತ್ರ, ಜೊತೆಗೆ ಅದು ಪಿವಿಡಿಎಫ್ ಅನ್ನು ಮೆತ್ತಗೆ ಮಾಡುವುದಿಲ್ಲ. ಗೋಡೆಯಲ್ಲಿ ಟ್ರೈಅಸೆಟಿನ್ ಉಳಿದಿದ್ದರಂತೂ ಗೋಡೆ ಮೊದಲೇ ಮೆತ್ತಗಿರುತ್ತದೆ, ಈ ಸೆಳೆತಕ್ಕೆ ನಿಲ್ಲುವುದಿಲ್ಲ. ರಾತ್ರಿಯಿಡೀ ತೊಳೆಯುವುದನ್ನು ಅವಸರಕ್ಕೆ ಬಿಡಬೇಡಿ ಎನ್ನುವುದು ಈ ಲೆಕ್ಕದಿಂದಲೇ.

ಪ್ರಶ್ನೆ: ಉಬ್ಬಿಸಿ ತೊಳೆದ ಶೀಟ್ ಹಾಲಿನಂತೆ ಬೆಳ್ಳಗಾಗಿದೆ, ಆದರೆ ಗಾಳಿ ದಾಟುವುದೇ ಇಲ್ಲ. ರಂಧ್ರ ಆಗಿದೆಯೋ ಇಲ್ಲವೋ?
(ಫಿಲ್ಟರ್ ಬಿಡಿಭಾಗಗಳ ಸಣ್ಣ ತಯಾರಕರು, ಪೀಣ್ಯ, ಬೆಂಗಳೂರು)

ಆಗಿದೆ, ಆದರೆ ಒಂದಕ್ಕೊಂದು ಕೂಡಿಲ್ಲ, ಇಲ್ಲವೇ ಮೇಲೆ ಚರ್ಮ ಕಟ್ಟಿದೆ. ಬಿಳುಪು ಹೇಳುವುದು ಇಷ್ಟನ್ನೇ: ಒಳಗೆ ಬೆಳಕಿನ ಅಲೆಯುದ್ದಕ್ಕೆ ಸಮೀಪದ ಗಾತ್ರದ ಖಾಲಿ ಜಾಗಗಳಿವೆ.

ಯಾವುದೆಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಶೀಟಿನ ಮೇಲೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಡಿ. ಪಿವಿಡಿಎಫ್‌ನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.42, ಈ ಆಲ್ಕೋಹಾಲ್‌ನದು 1.38. ಇವೆರಡೂ ಹತ್ತಿರವಿರುವುದರಿಂದ ಬೆಳಕು ಚದುರುವುದು ಕಡಿಮೆ; ರಂಧ್ರಗಳು ತೆರೆದಿದ್ದು ಆಲ್ಕೋಹಾಲ್ ತುಂಬಿಕೊಂಡರೆ ಆ ಜಾಗ ಕ್ಷಣದಲ್ಲಿ ಮಸುಕು ಗಾಜಿನಂತೆ ಪಾರದರ್ಶಕವಾಗುತ್ತದೆ. ಹನಿ ಹರಡಿದರೂ ಬಿಳುಪು ಹೋಗದಿದ್ದರೆ ಮೇಲ್ಮೈ ಮುಚ್ಚಿದೆ. ಆಗ ಬ್ಲೇಡಿನಿಂದ ಶೀಟನ್ನು ಅಡ್ಡ ಕತ್ತರಿಸಿ ಅಂಚಿಗೆ ಹನಿ ಮುಟ್ಟಿಸಿ. ಅಂಚಿನಿಂದ ಒಳಕ್ಕೆ ಪಾರದರ್ಶಕ ಪಟ್ಟಿ ಹರಿದರೆ ಒಳಗಿನ ರಂಧ್ರಗಳು ಕೂಡಿವೆ, ತೊಂದರೆ ಚರ್ಮದ್ದು ಮಾತ್ರ. ಅಂಚಿನಲ್ಲೂ ಹರಿಯದಿದ್ದರೆ ಗುಳ್ಳೆಗಳು ಒಂಟಿಒಂಟಿಯಾಗಿವೆ.

ಚರ್ಮಕ್ಕೆ ಸಾಮಾನ್ಯ ಕಾರಣಗಳು ಎರಡು: ನೇರ ನೀರಿಗೆ ಅದ್ದಿದ್ದು, ಅಥವಾ ಬಿಸಿ ಶೀಟನ್ನು ಗಾಳಿಯಲ್ಲಿ ಹಿಡಿದು ಮೇಲ್ಪದರದ ದ್ರವ ಆರಲು ಬಿಟ್ಟಿದ್ದು. ಫ್ಲಾಸ್ಕಿನಿಂದ ತಣ್ಣನೆಯ ದ್ರವಕ್ಕೆ ಹೋಗುವ ಹೊತ್ತು ಎರಡು ಮೂರು ಸೆಕೆಂಡ್ ಮೀರಬಾರದು. ಒಂಟಿ ಗುಳ್ಳೆಗಳಾದರೆ ಕುಡಿದ ದ್ರವವೇ ಕಡಿಮೆ. ಉಷ್ಣತೆಯನ್ನು ಎರಡೆರಡು ಡಿಗ್ರಿ ಏರಿಸಿ ನೋಡಿ.

ಗಾಳಿ ದಾಟಲು ಶುರುವಾದ ಮೇಲೆ ದೊಡ್ಡ ರಂಧ್ರದ ಗಾತ್ರ ಅಳೆಯುವುದು ಬಬಲ್ ಪಾಯಿಂಟ್‌ನಿಂದ. ಶೀಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಕೆಳಗಿನಿಂದ ನೈಟ್ರೋಜನ್ ಒತ್ತಡ ನಿಧಾನವಾಗಿ ಏರಿಸಿ, ಮೊದಲ ಗುಳ್ಳೆಸಾಲು ಕಂಡ ಒತ್ತಡ ಬರೆದುಕೊಳ್ಳಿ. ಸುಮಾರು 0.87 ಬಾರ್‌ಗೆ ಗುಳ್ಳೆ ಬಂದರೆ 1 ಮೈಕ್ರಾನ್, 1.9ಕ್ಕೆ 0.45, 4.3ಕ್ಕೆ 0.2 ಮೈಕ್ರಾನ್. ಇದು ದುಂಡು ರಂಧ್ರದ ಲೆಕ್ಕ. ನಿಜವಾದ ರಂಧ್ರ ಅಂಕುಡೊಂಕು, ಆದ್ದರಿಂದ ಸಿಕ್ಕ ಅಂಕಿಯನ್ನು ಒಂದು ಶೀಟನ್ನು ಇನ್ನೊಂದರೊಡನೆ ಹೋಲಿಸಲು ಬಳಸಿ. ಗ್ರಾಹಕರಿಗೆ ರಂಧ್ರದ ಅಳತೆ ಎಂದು ಬರೆದುಕೊಡುವುದಕ್ಕೆ ಅದೊಂದೇ ಸಾಲದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ) ನೀರು ಸೋಸುವ ಪಿವಿಡಿಎಫ್ ಮೆಂಬ್ರೇನ್ ಎಳೆಗಳಿವೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದ ಮೇಲೆ ಎಳೆಗಳು ಕಂದುಬಣ್ಣಕ್ಕೆ ತಿರುಗಿವೆ. ಇದು ಕೊಳೆಯೇ?
(ನಿರ್ವಹಣಾ ಸಮಿತಿ ಸದಸ್ಯರು, ಬೆಂಗಳೂರು)

ತೊಳೆದರೂ ಹೋಗದ ಬಣ್ಣವಾದರೆ ಅದು ಕೊಳೆಯಲ್ಲ, ಮೆಂಬ್ರೇನೇ ಹಾಳಾಗುತ್ತಿರುವ ಗುರುತು. ಗಟ್ಟಿ ಕ್ಷಾರ ಪಿವಿಡಿಎಫ್ ಸರಪಳಿಯಿಂದ ಹೈಡ್ರೋಜನ್ ಫ್ಲೋರೈಡನ್ನು ಕಿತ್ತುಹಾಕುತ್ತದೆ. ಆ ಜಾಗದಲ್ಲಿ ಸಾಲು ಜೋಡಿಬಂಧಗಳು ಹುಟ್ಟಿ ಬಣ್ಣ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಬಣ್ಣದೊಂದಿಗೆ ಎಳೆ ಪೆಡಸಾಗುತ್ತದೆ, ಇದನ್ನು ಹಿಂದಕ್ಕೆ ತರಲಾಗದು. ಕ್ಷಾರ ಗಟ್ಟಿಯಾದಷ್ಟೂ, ನೀರು ಬಿಸಿಯಾದಷ್ಟೂ ವೇಗ ಹೆಚ್ಚು. ತಯಾರಕರು ಕೊಟ್ಟ ಪಿಎಚ್ ಮಿತಿ ಮತ್ತು ಉಷ್ಣತೆಯ ಮಿತಿ ದಾಟಬೇಡಿ. ಜೈವಿಕ ಕೊಳೆಗೆ ಅವರು ಹೇಳಿದ ಪ್ರಮಾಣದ ಸೋಡಿಯಂ ಹೈಪೊಕ್ಲೋರೈಟ್, ಸುಣ್ಣದ ಪದರಕ್ಕೆ ಸಿಟ್ರಿಕ್ ಆಮ್ಲ, ನಡುವೆ ಧಾರಾಳ ನೀರು. ಇವೆರಡನ್ನೂ ಒಟ್ಟಿಗೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಜೀವಕ್ಕೇ ಅಪಾಯ.

ಪ್ರಯೋಗಾಲಯದವರೂ ಇದನ್ನು ಗಮನಿಸಿ. ಕ್ಷಾರದ ಆಲ್ಕೋಹಾಲ್ ದ್ರಾವಣದಲ್ಲಿ ತೊಳೆದ ಫ್ಲಾಸ್ಕನ್ನು ಚೆನ್ನಾಗಿ ಜಾಲಿಸದೆ ಉಬ್ಬಿಸಲು ಬಳಸಿದರೆ ಇದೇ ಬಣ್ಣ ಬರುತ್ತದೆ.

ಪ್ರಶ್ನೆ: ಪಿವಿಡಿಎಫ್ ಬಿಟ್ಟು ಪಿಟಿಎಫ್‌ಇಯನ್ನೇ ಹೀಗೆ ಉಬ್ಬಿಸಬಾರದೇ? ದ್ರವದ ಬದಲು ಅನಿಲ ಬಳಸಬಹುದೇ?
(ಪಾಲಿಮರ್ ಎಂಜಿನಿಯರ್, ಮೈಸೂರು)

ಸಾಧ್ಯ, ಅದರಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ಕರಗಿದ ಪಿಟಿಎಫ್‌ಇ ವಿಪರೀತ ಗಟ್ಟಿ, 380 ಡಿಗ್ರಿಯಲ್ಲೂ ಹರಿಯುವುದಿಲ್ಲ. ಆದ್ದರಿಂದ ಕರಗುವ ಬಿಂದು ದಾಟಿ ದ್ರವ ಕುಡಿದರೂ ತುಂಡು ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಆದರೆ 300 ಡಿಗ್ರಿ ಮೀರಿದ ಪರ್‌ಫ್ಲೋರೋ ದ್ರವಕ್ಕೆ ಒತ್ತಡ ತಡೆಯುವ ಮುಚ್ಚಿದ ಪಾತ್ರೆ ಬೇಕು. ಡ್ಯುಪಾಂಟ್ ಕಂಪನಿಯ ಟ್ಯುಮಿನೆಲೋ ಮತ್ತು ಡೀ 1994ರಲ್ಲಿ ತೋರಿಸಿದಂತೆ, ದ್ರವದ ಕ್ರಾಂತಿಕ ಉಷ್ಣತೆ (ಅದನ್ನು ಮೀರಿದರೆ ದ್ರವ, ಆವಿ ಎಂಬ ಭೇದವೇ ಉಳಿಯದ ಉಷ್ಣತೆ) ಸಾಕಷ್ಟು ಮೇಲಿದ್ದರೆ ಮಾತ್ರ ಹೊರಗಿನಿಂದ ಹೆಚ್ಚುವರಿ ಒತ್ತಡ ಹಾಕದೆ ಕೆಲಸ ಆಗುತ್ತದೆ. ಬಿಸಿ ಇನ್ನೂ ಏರಿದರೆ ಪಿಟಿಎಫ್‌ಇ ಮತ್ತು ದ್ರವ ಎರಡೂ ಒಡೆದು, ಪರ್‌ಫ್ಲೋರೋಐಸೊಬ್ಯುಟಿಲೀನ್‌ನಂಥ ಅತಿ ವಿಷದ ಅನಿಲಗಳು ಹುಟ್ಟಬಹುದು. ತೊಳೆಯಲೂ ಫ್ಲೋರಿನ್ ದ್ರಾವಕವೇ ಬೇಕು. ಅನೇಕ ಪರ್‌ಫ್ಲೋರೋಕಾರ್ಬನ್‌ಗಳು ವಾತಾವರಣದಲ್ಲಿ ಸಾವಿರಾರು ವರ್ಷ ಉಳಿಯುತ್ತವೆ. 3ಎಂ ಕಂಪನಿ 2025ರ ಕೊನೆಯೊಳಗೆ ಈ ಬಗೆಯ ರಾಸಾಯನಿಕಗಳ ತಯಾರಿಕೆ ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಹೇಳಿತು. ಹೊಸದಾಗಿ ಘಟಕ ಹಾಕುವವರು ದ್ರವ ಎಲ್ಲಿಂದ ಬರುತ್ತದೆ, ಎಷ್ಟು ಮರಳಿ ಹಿಡಿಯಬಹುದು ಎಂಬುದನ್ನು ಮೊದಲು ವಿಚಾರಿಸಬೇಕು.

ಪಿಟಿಎಫ್‌ಇಗೆ ಎಳೆಯುವ ದಾರಿಯೇ ನಮ್ಮ ಸಲಹೆ. 1969ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿಮಾಡಿದ ಪಿಟಿಎಫ್‌ಇ ಸರಳನ್ನು ನಿಧಾನಕ್ಕೆ ಎಳೆದಾಗ ಅದು ತುಂಡಾಗುತ್ತಿತ್ತು, ರಪ್ಪನೆ ಎಳೆದಾಗ ಸುಮಾರು ಶೇಕಡಾ 800 ಉದ್ದವಾಗಿ ಶೇಕಡಾ 70ರಷ್ಟು ಗಾಳಿ ತುಂಬಿದ ವಸ್ತುವಾಯಿತು. ಇಲ್ಲಿ ಹರಳುಗಳು ಬಿಚ್ಚಿ ಎಳೆಗಳಾಗುತ್ತವೆ, ಪರ್‌ಫ್ಲೋರೋ ದ್ರವದ ಹಂಗಿಲ್ಲ. ಸಿಂಟರ್ ಆಗದ (ಕಾಯಿಸಿ ಪುಡಿಯ ಕಣಗಳನ್ನು ಬೆಸೆಯದ), ಶೇಕಡಾ 90ಕ್ಕೂ ಹೆಚ್ಚು ಹರಳಿರುವ ನುಣ್ಣನೆಯ ಪುಡಿಯಿಂದ ಮಾಡಿದ ಸರಳು ಇದಕ್ಕೆ ಬೇಕು. ಅಂಗಡಿಯಲ್ಲಿ ಸಿಗುವ ಸಿಂಟರ್ ಆದ ಸರಳನ್ನು ಎಷ್ಟು ಎಳೆದರೂ ಹೀಗಾಗದು.

ಅನಿಲದ ಮಾತು ಚಿಕ್ಕದು. ಒತ್ತಡದಲ್ಲಿ ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ಬಿಸಿಯಲ್ಲಿ ಒತ್ತಡ ಇಳಿಸಿದರೆ ಪಿವಿಡಿಎಫ್ ನೊರೆಯಂತೆ ಉಬ್ಬುತ್ತದೆ. ಬ್ರಿಟನ್ನಿನ ಜೋಟ್‌ಫೋಮ್ಸ್ ನೈಟ್ರೋಜನ್ ತುಂಬಿಸಿ ಇಂಥ ಫೋಮ್ ಮಾಡುತ್ತದೆ. ಗುಳ್ಳೆಗಳು ಮುಚ್ಚಿದವು; ಶಾಖ ತಡೆಗೆ, ಹಗುರ ಭಾಗಗಳಿಗೆ ಒಳ್ಳೆಯದು, ಸೋಸುವುದಕ್ಕೆ ಆಗದು.

ಪ್ರಶ್ನೆ: ಪ್ರೌಢಶಾಲೆಯ ವಿಜ್ಞಾನ ಸಂಘದಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದೇ?
(ವಿಜ್ಞಾನ ಶಿಕ್ಷಕರು, ಶಿರಸಿ)

ಬಿಸಿ ದ್ರವದ ಕೆಲಸ ಬೇಡ. ಹೆಕ್ಸೇನ್ ಅಂತೂ ಶಾಲೆಗೆ ಬರಲೇಬಾರದು. ಆದರೆ ರಂಧ್ರಭರಿತ ಫ್ಲೋರೋಪಾಲಿಮರ್ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಎಳೆದು ಮಾಡಿದ ಪಿಟಿಎಫ್‌ಇ.

ಹೊಸ ಸುರುಳಿಯ ಟೇಪನ್ನು ಎಳೆಯದೆ ಬಿಚ್ಚಿ ತೂಗಿಸಿ. ಪೆಟ್ಟಿಗೆಯ ಮೇಲಿನ ಉದ್ದ, ಅಗಲ ನಂಬದೆ ಮಕ್ಕಳೇ ಅಳೆಯಲಿ. ದಪ್ಪಕ್ಕೆ 40 ಪದರ ಒಟ್ಟಿ, ಒತ್ತದೆ ವರ್ನಿಯರ್ ಹಿಡಿದು 40ರಿಂದ ಭಾಗಿಸಿ. 12 ಮಿಲಿಮೀಟರ್ ಅಗಲ, 10 ಮೀಟರ್ ಉದ್ದ, 0.075 ಮಿಲಿಮೀಟರ್ ದಪ್ಪ ಸಿಕ್ಕರೆ ಗಾತ್ರ 9 ಘನ ಸೆಂಟಿಮೀಟರ್. ರಂಧ್ರವಿಲ್ಲದ ಪಿಟಿಎಫ್‌ಇ ಆಗಿದ್ದರೆ 2.2 ಸಾಂದ್ರತೆಯಲ್ಲಿ 19.8 ಗ್ರಾಂ ತೂಗಬೇಕಿತ್ತು. ತಕ್ಕಡಿ 4.5 ಗ್ರಾಂ ತೋರಿಸಿದರೆ ಟೇಪಿನ ಶೇಕಡಾ 77 ಭಾಗ ಬರೀ ಗಾಳಿ. ಟೇಪನ್ನು ಸುಡುವುದು, ಬಿಸಿ ತವೆಗೆ ಮುಟ್ಟಿಸುವುದು ಮಾಡಿಸಬೇಡಿ. ಅದರ ಹೊಗೆಯಿಂದ ಜ್ವರ ಬರುತ್ತದೆ, ಪಂಜರದ ಹಕ್ಕಿಗಳು ಸಾಯುತ್ತವೆ.

ಆಮೇಲೆ ಟೇಪಿನ ಒಂದು ತುಂಡನ್ನು ಕಪ್ಪು ಕಾಗದದ ಮೇಲೆ ಹರಡಿ, ಒಂದು ಕಡೆ ನೀರಿನ ಹನಿ, ಇನ್ನೊಂದು ಕಡೆ ಸರ್ಜಿಕಲ್ ಸ್ಪಿರಿಟ್ ಹನಿ ಬಿಡಿ. ಹತ್ತಿರ ದೀಪ, ಬೆಂಕಿಕಡ್ಡಿ ಇರಬಾರದು. ನೀರು ಮುತ್ತಿನಂತೆ ಮೇಲೆಯೇ ನಿಲ್ಲುತ್ತದೆ. ಸ್ಪಿರಿಟ್ ಬಿದ್ದಲ್ಲಿ ಟೇಪ್ ಪಾರದರ್ಶಕವಾಗಿ ಕೆಳಗಿನ ಕಪ್ಪು ಕಾಣುತ್ತದೆ. ಒಂದೆರಡು ನಿಮಿಷದಲ್ಲಿ ಸ್ಪಿರಿಟ್ ಹಾರಿ, ರಂಧ್ರಗಳಲ್ಲಿ ಮತ್ತೆ ಗಾಳಿ ತುಂಬಿ, ಅಂಚಿನಿಂದ ನಡುವಿನ ಕಡೆಗೆ ಬಿಳುಪು ಮರಳುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.